ಕದಲಿದ ಚೆಂಡು

ಕಳೆದ ತಿಂಗಳು ನ್ಯೂಜಿಲೆಂಡಿನ ಪುಕೆಕೊಹೆ ಎಂಬ ಊರಿನ ಒಂದು ಸಣ್ಣ ಚರ್ಚಿನಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ನಲವತ್ತು ಜನ ಸೇರಿದ್ದರೇನೋ. ತರಕಾರಿ ಪ್ಯಾಕಿಂಗ್ ಶೆಡ್ಡಿನಲ್ಲಿ ಅವರ ಜೊತೆ ಈರುಳ್ಳಿ ಆರಿಸುತ್ತಿದ್ದ ಹೆಂಗಸರು, ಚರ್ಚಿನವರು, ಅವರ ಕೈಯಲ್ಲಿ ಆಟ ಕಲಿತ ಏಳೆಂಟು ಹುಡುಗಿಯರು. ಹತ್ತು ವರ್ಷ ಅವರು ಗಾಲ್ಫ್ ಕಲಿಸಿದ ಕಾಲೇಜಿನ ಪರವಾಗಿ ಯಾರೂ ಬಂದಿರಲಿಲ್ಲ. ಕಾಲೇಜಿನ ವೆಬ್‌ಸೈಟಿನಲ್ಲಿ ಎರಡು ಸಾಲಿನ ಸಂತಾಪ ಬಂದಿತ್ತು. ಅದರಲ್ಲೂ ಹೆಸರು ತಪ್ಪಾಗಿತ್ತು.

ಸರಿಯಾದ ಹೆಸರನ್ನು ನಾನಾದರೂ ಇಲ್ಲಿ ಬರೆಯಬಹುದು. ಬರೆಯುವುದಿಲ್ಲ. ಆ ಹೆಸರನ್ನು ಉಳಿಸಬೇಕಾಗಿದ್ದ ದಿನ ನಾನು ಉಳಿಸಲಿಲ್ಲ. ಈಗ ಅದನ್ನು ಅಚ್ಚು ಹಾಕಿಸಿ ಒಳ್ಳೆಯವಳೆನಿಸಿಕೊಳ್ಳುವ ಆಸೆ ನನಗಿಲ್ಲ. ಎಲ್ಲರೂ ಅವರನ್ನು ಕೋಚ್ ಎನ್ನುತ್ತಿದ್ದರು. ನಾನೂ ಹಾಗೆಯೇ ಅನ್ನುತ್ತೇನೆ.

ನ್ಯೂಜಿಲೆಂಡಿನಲ್ಲಿ ಕಾಲೇಜು ಅಂದರೆ ಹೈಸ್ಕೂಲು. ಆಕ್ಲೆಂಡಿನ ದಕ್ಷಿಣಕ್ಕಿರುವ ಒಂದು ಹುಡುಗಿಯರ ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಊರು ಮೈಸೂರು. ಇಲ್ಲಿ ಪ್ರತಿ ಟೀಚರೂ ಪಾಠದ ಜೊತೆಗೆ ಒಂದು ಆಟದ ಜವಾಬ್ದಾರಿ ಹೊರಬೇಕು. ನೆಟ್‌ಬಾಲು, ಹಾಕಿಗಳನ್ನೆಲ್ಲ ಹಳಬರು ಹಂಚಿಕೊಂಡಾಗಿತ್ತು. ಹೊಸಬಳಾದ ನನ್ನ ಪಾಲಿಗೆ ಉಳಿದದ್ದು ಗಾಲ್ಫ್. ನನಗೆ ಆ ಆಟದ ತಲೆಬುಡ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ, ಫಾರ್ಮು ತುಂಬಿ, ವ್ಯಾನ್ ಓಡಿಸಿದರೆ ಸಾಕು ಎಂದರು. ಆರು ಜನ ಹುಡುಗಿಯರಿದ್ದರು, ಕಲಿಸುವವರಿರಲಿಲ್ಲ. ‘ಕೋಚ್ ಬೇಕಾಗಿದ್ದಾರೆ’ ಎಂದು ಒಂದು ಚೀಟಿ ಬರೆದು ಸುತ್ತಮುತ್ತಲಿನ ಡೈರಿಗಳಲ್ಲಿ, ಅಂದರೆ ಇಲ್ಲಿನ ಮೂಲೆ ಅಂಗಡಿಗಳಲ್ಲಿ, ಅಂಟಿಸಿ ಬಂದೆ.

ಒಂದು ಶುಕ್ರವಾರ ಮಧ್ಯಾಹ್ನ ಅವರು ಬಂದರು. ಶೆಡ್ಡಿನಿಂದ ನೇರವಾಗಿ ಬಂದಿದ್ದರು. ನೀಲಿ ಓವರ್‌ಕೋಟು, ಮಂಡಿಯವರೆಗಿನ ರಬ್ಬರ್ ಬೂಟು. ಆಫೀಸಿನಲ್ಲಿ ಕೂತಿದ್ದ ಹುಡುಗಿ ತಲೆಯೆತ್ತಿ ನೋಡಿ, ಅವರು ಬಾಯಿ ಬಿಡುವ ಮೊದಲೇ, ಕ್ಲೀನಿಂಗ್ ಕೆಲಸದವರನ್ನು ನೋಡಿಕೊಳ್ಳುವವರ ಕೋಣೆಗೆ ದಾರಿ ತೋರಿಸಿದಳು. ಅವರು ಅಲ್ಲಿಗೆ ಹೋಗಿ, ಅಲ್ಲಿದ್ದವರಿಗೆ ನಮಸ್ಕಾರ ಹೇಳಿ, ಅವರಿಂದಲೇ ನನ್ನ ಕೋಣೆಯ ದಾರಿ ಕೇಳಿಕೊಂಡು ಬಂದರು. ಬಾಗಿಲಲ್ಲಿ ಬೂಟು ಕಳಚಿಟ್ಟು, ಬಾಗಿಲ ಮೇಲಿದ್ದ ನನ್ನ ಹೆಸರು ಓದಿ, “ಕನ್ನಡದೋರಾ ಮೇಡಂ?” ಎಂದರು.

ಹೌದೆಂದೆ. ಅವರು ಕೋಲಾರದ ಚಿನ್ನದ ಗಣಿಯ ಊರಿನವರು. ಮನೆ ಮಾತು ತಮಿಳು, ಓದಿದ್ದು ಕನ್ನಡ. ಅಲ್ಲೊಂದು ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದವರು. ಗಂಡ ಫಿಟ್ಟರ್. ಪುಕೆಕೊಹೆಯ ಶೆಡ್ಡಿನ ಯಂತ್ರಗಳ ರಿಪೇರಿಗೆ ಅವರಿಗೆ ಕೆಲಸ ಸಿಕ್ಕಿದ್ದರಿಂದ ಇಬ್ಬರೂ ಇಲ್ಲಿಗೆ ಬಂದಿದ್ದರು. ಗಾಲ್ಫ್ ಎಲ್ಲಿ ಕಲಿತಿರಿ ಎಂದು ಕೇಳಿದೆ. ನನ್ನ ದನಿಯಲ್ಲಿ ಅನುಮಾನವಿತ್ತು, ಈಗ ಒಪ್ಪಿಕೊಳ್ಳಬಹುದು.

“ನಮ್ಮಪ್ಪ ಕ್ಯಾಡಿ ಮೇಡಂ. ಗಣಿ ಸಾಹೇಬ್ರ ಗಾಲ್ಫ್ ಬ್ಯಾಗ್ ಹೊರೋರು. ಮೂವತ್ತು ವರ್ಷ ಹೊತ್ರು. ಒಂದಿನಾನೂ ಆಡ್ಲಿಲ್ಲ.”

ಆ ಮೈದಾನದ ಕಥೆಯನ್ನು ಅವರು ಆಮೇಲೆ ವ್ಯಾನಿನಲ್ಲಿ ತುಂಡು ತುಂಡಾಗಿ ಹೇಳುತ್ತಿದ್ದರು. ನೀರಿಲ್ಲದ ಊರು. ಹಾಗಾಗಿ ಗುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳು. ಬೇರೆ ಕಡೆ ಗ್ರೀನ್ ಅನ್ನುವುದನ್ನು ಅಲ್ಲಿ ಬ್ರೌನ್ ಅನ್ನುತ್ತಿದ್ದರಂತೆ. ಸಾಹೇಬರೊಬ್ಬರು ಮುರಿದು ಎಸೆದ ಕೋಲನ್ನು ಅಪ್ಪ ಮಗಳ ಎತ್ತರಕ್ಕೆ ಗರಗಸದಲ್ಲಿ ಕೊಯ್ದು ಕೊಟ್ಟಿದ್ದರು. ಮೆಂಬರುಗಳು ಬರುವ ಮುಂಚೆ, ಬೆಳಕು ಹರಿಯುವಾಗ, ಮಗಳು ಆಡಬೇಕು. ಅಪ್ಪ ಹಿಂದೆಯೇ ಮರಳಿನ ಮೇಲಿನ ಹೆಜ್ಜೆ ಗುರುತುಗಳನ್ನು ಅಳಿಸುತ್ತ ಬರಬೇಕು. ವರ್ಷಕ್ಕೊಮ್ಮೆ ಕ್ಯಾಡಿಗಳಿಗೆಂದು ಪಂದ್ಯ ಇಡುತ್ತಿದ್ದರು. ಹದಿನೇಳರ ವಯಸ್ಸಿನಲ್ಲಿ ಇವರು ಹೆಸರು ಕೊಡಲು ಹೋದರೆ, ಇದು ಕ್ಯಾಡಿಗಳಿಗೆ ಮಾತ್ರ, ಕ್ಯಾಡಿಯ ಮಗಳಿಗಲ್ಲ ಎಂದು ವಾಪಸ್ಸು ಕಳಿಸಿದರಂತೆ. ಇದನ್ನು ಹೇಳುವಾಗ ಅವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಮೊದಲ ದಿನ ಅವರು ಹುಡುಗಿಯರ ಕೈಗೆ ಕೋಲು ಕೊಡಲೇ ಇಲ್ಲ. ಹಾಕಿ ಮೈದಾನದ ಈ ತುದಿಯಿಂದ ಆ ತುದಿಗೆ ನಡೆಯಿರಿ ಎಂದರು. ಹುಡುಗಿಯರು ಕಿಸಿಕಿಸಿ ನಗುತ್ತ ನಡೆದರು. ಇನ್ನೊಮ್ಮೆ ಎಂದರು. ಒಂದು ಗಂಟೆ ನಡೆಸಿದರು. ನಾನು ಬೆಂಚಿನ ಮೇಲೆ ಉತ್ತರ ಪತ್ರಿಕೆ ತಿದ್ದುತ್ತ, ಇದೆಂಥ ಕೋಚಿಂಗೋ ಅಂದುಕೊಂಡೆ. ಆಮೇಲೆ ಅವರು ನನ್ನ ಹತ್ತಿರ ಬಂದು, ಈ ಆಟದಲ್ಲಿ ಹೊಡೆಯುವುದು ಅರ್ಧ ಗಂಟೆ, ಉಳಿದ ನಾಲ್ಕು ಗಂಟೆ ಬರೀ ನಡೆಯುವುದು, ಕೆಟ್ಟದಾಗಿ ಹೊಡೆದ ಮೇಲೆ ಹೇಗೆ ನಡೆಯುತ್ತಾರೆ ಅನ್ನುವುದರಲ್ಲಿ ಮುಂದಿನ ಹೊಡೆತ ಇರುತ್ತದೆ ಎಂದು ವಿವರಿಸಿದರು. ಆ ಆರು ಜನರಲ್ಲಿ ಯಾರಿಗೆ ಸಿಟ್ಟು ಬೇಗ ಬರುತ್ತದೆ, ಯಾರು ಮನೆಯಲ್ಲಿ ಏಟು ತಿನ್ನುತ್ತಾರೆ ಎಂಬುದನ್ನೂ ಹೇಳಿದರು. ಎರಡನೆಯದನ್ನು ನಾನು ನಂಬಲಿಲ್ಲ. ಎರಡು ತಿಂಗಳ ನಂತರ ಕಾಲೇಜಿನ ಕೌನ್ಸೆಲರ್ ಅದೇ ಹುಡುಗಿಯ ವಿಷಯವಾಗಿ ನನ್ನನ್ನು ಕರೆಸಿದರು.

ಅವರ ಕೈಗೆ ಸದಾ ಈರುಳ್ಳಿಯ ವಾಸನೆ. ಬೆಳಿಗ್ಗೆ ಐದಕ್ಕೆ ಶೆಡ್ಡು, ಮೂರಕ್ಕೆ ನಮ್ಮ ಮೈದಾನ. ಹುಡುಗಿಯರು ಬೆನ್ನ ಹಿಂದೆ ಮೂಗು ಮುಚ್ಚಿಕೊಳ್ಳುತ್ತಿದ್ದುದು ಮೊದಲ ವಾರ ಮಾತ್ರ. ಎಲ್ಲರನ್ನೂ ‘ಮಗ’ ಎಂದೇ ಕರೆಯುತ್ತಿದ್ದರು. ಟೊಂಗಾದವಳಾಗಲಿ, ಮಾವೊರಿಯಾಗಲಿ, ಪಂಜಾಬಿಯಾಗಲಿ, ಎಲ್ಲರೂ ಮಗ. ಅದು ಏನು ಅಂತ ತಿಳಿಯದೆಯೇ ಅವರೂ ಒಬ್ಬರನ್ನೊಬ್ಬರು ಮಗ ಎಂದು ಕೂಗಲು ಶುರುಮಾಡಿದರು. ಹುಡುಗಿಯರ ಅಪ್ಪಂದಿರು ಬ್ಯಾಗು ಹೊರಲು ಬಂದರೆ ಬಿಡುತ್ತಿರಲಿಲ್ಲ. ಆಡುವವರೇ ಹೊರಬೇಕು, ಅಪ್ಪಂದಿರು ಹೊತ್ತದ್ದು ಸಾಕು ಅನ್ನುತ್ತಿದ್ದರು. ಚೆಂಡಿಗೆ ನಿಮ್ಮಪ್ಪ ಯಾರು ಅಂತ ಗೊತ್ತಿಲ್ಲ ಅನ್ನುವುದು ಇನ್ನೊಂದು ಮಾತು. ಅದನ್ನು ಅವರು ಹೇಳುತ್ತಿದ್ದುದು ಬಡವರ ಮಕ್ಕಳಿಗೆ ಧೈರ್ಯಕ್ಕೆ. ದೊಡ್ಡ ಮನೆಯ ಮಕ್ಕಳಿಗೂ ಅದೇ ಮಾತು, ಆದರೆ ದನಿ ಬೇರೆ.

ಒಂದೇ ಒಂದು ವಿಷಯದಲ್ಲಿ ಅವರು ಕಲ್ಲು. ಗಾಲ್ಫಿನಲ್ಲಿ ಪ್ರತಿ ಆಟಗಾರ್ತಿಯ ಹಿಂದೆ ಅಂಪೈರ್ ಇರುವುದಿಲ್ಲ. ಎಷ್ಟು ಹೊಡೆತ ಹೊಡೆದೆ ಎಂದು ಅವಳೇ ಹೇಳಬೇಕು, ಆಟ ಮುಗಿದ ಮೇಲೆ ಕಾರ್ಡಿಗೆ ಸಹಿ ಹಾಕಬೇಕು. ಪ್ರಾಕ್ಟೀಸಿನಲ್ಲೂ ಅವರು ಪ್ರತಿ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಗಟ್ಟಿಯಾಗಿ ಲೆಕ್ಕ ಹೇಳಿಸಿ, ಆಮೇಲೆ ಸಹಿ ಹಾಕಿಸುತ್ತಿದ್ದರು. ನೂರಾ ಮೂವತ್ತು ಹೊಡೆದು ನೂರಾ ಮೂವತ್ತು ಎಂದು ಹೇಳಿದವಳಿಗೆ ಬೆನ್ನು ತಟ್ಟುತ್ತಿದ್ದರು.

ನಾಲ್ಕನೇ ವರ್ಷಕ್ಕೆ ನಮ್ಮ ಹುಡುಗಿಯರು ಗೆಲ್ಲತೊಡಗಿದರು. ಬಸ್ ಡ್ರೈವರೊಬ್ಬರ ಮಗಳು, ಟೊಂಗಾದ ಹುಡುಗಿ, ಬರಿಗಾಲಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದವಳು, ಗಾಲ್ಫಿನ ಬಲದಿಂದಲೇ ಅಮೆರಿಕದ ಒಂದು ಯೂನಿವರ್ಸಿಟಿ ಸೇರಿದಳು. ಪತ್ರಿಕೆಯವರು ಬಂದರು. ಹುಡುಗಿ ಮಾತಾಡಿದ್ದೆಲ್ಲ ಕೋಚ್ ಬಗ್ಗೆಯೇ. ಅಚ್ಚಾದ ಫೋಟೋದಲ್ಲಿ ಹುಡುಗಿಯ ಪಕ್ಕ ಪ್ರಿನ್ಸಿಪಾಲರು ನಿಂತಿದ್ದರು. ಕೋಚ್ ಆ ಪುಟವನ್ನು ಜೋಪಾನವಾಗಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡರು. ನಿಮ್ಮ ಹೆಸರೇ ಇಲ್ಲವಲ್ಲ ಎಂದೆ. “ಮಗು ನಗ್ತಾ ಅವ್ಳಲ್ಲ ಮೇಡಂ,” ಎಂದರು.

ಇನ್ನು ನನ್ನ ಮಗಳ ವಿಷಯ. ಅವಳು ಅದೇ ಕಾಲೇಜು ಸೇರಿ ಹದಿಮೂರಕ್ಕೆ ಗಾಲ್ಫಿಗೆ ಬಂದಳು. ಬಂದಳು ಅನ್ನುವುದಕ್ಕಿಂತ ನಾನು ಕರೆತಂದೆ ಅನ್ನುವುದೇ ಸರಿ. ಟೊಂಗಾದ ಹುಡುಗಿಗೆ ಆದದ್ದು ನನ್ನ ಮಗಳಿಗೇಕೆ ಆಗಬಾರದು ಅನ್ನುವುದು ನನ್ನ ಲೆಕ್ಕ. ಅವಳ ಕೈ ಚೆನ್ನಾಗಿತ್ತು. ಹೊಡೆದರೆ ನೋಡಿದವರು ನಿಲ್ಲುತ್ತಿದ್ದರು. ಎರಡು ವರ್ಷವಾದ ಮೇಲೆ ಒಂದು ದಿನ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು.

“ಮೇಡಂ, ಬೇಜಾರು ಮಾಡ್ಕೋಬ್ಯಾಡಿ. ಹುಡುಗಿ ಚೆನ್ನಾಗ್ ಹೊಡೀತಾಳೆ. ಆದ್ರೆ ಹೊಡೆದ ಮೇಲೆ ಚೆಂಡು ಎಲ್ಲೋಯ್ತು ಅಂತ ನೋಡಲ್ಲ. ನಿಮ್ಮ ಮುಖ ನೋಡ್ತಾಳೆ.”

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ನನ್ನ ಗಂಡನಿಗೆ ಹೇಳಿದೆ. ಅವರು ಸಾಫ್ಟ್‌ವೇರಿನವರು, ಮಾತು ಕಡಿಮೆ. ಆದರೆ ಅಂದು, ಪ್ಯಾಕಿಂಗ್ ಶೆಡ್ಡಿನಲ್ಲಿ ಇರುವವರಿಂದ ನಾವು ಮಗಳನ್ನು ಬೆಳೆಸುವುದು ಕಲಿಯಬೇಕಾ ಎಂದರು. ಆ ಮಾತು ನನಗೆ ಹಿತವಾಯಿತು. ಹಿತವಾಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅಷ್ಟು ವರ್ಷ ಒಂದೇ ವ್ಯಾನಿನಲ್ಲಿ ಓಡಾಡಿದರೂ ಕೋಚ್‌ರನ್ನು ನಾನು ಒಂದು ಸಲವೂ ಮನೆಗೆ ಊಟಕ್ಕೆ ಕರೆದಿರಲಿಲ್ಲ. ಗೌರಿ ಹಬ್ಬಕ್ಕೆ ಆಕ್ಲೆಂಡಿನ ಕನ್ನಡದ ಹೆಂಗಸರನ್ನೆಲ್ಲ ಕರೆಯುತ್ತಿದ್ದೆ. ಕೋಚ್ ಕ್ರಿಶ್ಚಿಯನ್, ಕುಂಕುಮಕ್ಕೆ ಕರೆದರೆ ಅವರಿಗೇ ಮುಜುಗರ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಏನೆಂದು ಊರಿನ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಮಗಳಿಗೆ ಹದಿನಾರು ತುಂಬಿದ ವರ್ಷ, ರಾಷ್ಟ್ರ ಮಟ್ಟದ ಪಂದ್ಯಕ್ಕೆ ಆಯ್ಕೆಯ ಸುತ್ತು ವೈಕಾಟೊ ಕಡೆಯ ಒಂದು ಮೈದಾನದಲ್ಲಿತ್ತು. ಮೂವರ ತಂಡ, ಮೂವರ ಹೊಡೆತವೂ ಲೆಕ್ಕಕ್ಕೆ. ಒಟ್ಟು ಯಾರದು ಕಡಿಮೆಯೋ ಆ ಒಂದು ತಂಡ ಮಾತ್ರ ಮುಂದಕ್ಕೆ. ಕೋಚ್ ಮತ್ತು ನಾನು ನನ್ನ ಮಗಳ ಗುಂಪಿನ ಜೊತೆ, ಸ್ವಲ್ಪ ದೂರದಲ್ಲಿ, ನಡೆಯುತ್ತಿದ್ದೆವು. ಹದಿನಾಲ್ಕನೆಯ ಗುಳಿಯ ಆಟದಲ್ಲಿ ಅವಳ ಚೆಂಡು ಬದಿಯ ಎತ್ತರದ ಹುಲ್ಲಿಗೆ ಹೋಯಿತು. ಎದುರಾಳಿ ಹುಡುಗಿ ಆಚೆ ಬದಿಯಲ್ಲಿ ತನ್ನ ಚೆಂಡು ಹುಡುಕುತ್ತಿದ್ದಳು.

ಮಗಳು ಚೆಂಡಿನ ಹಿಂದೆ ಕೋಲು ಊರಿದಳು. ಹುಲ್ಲು ಅಲುಗಿತು. ಚೆಂಡು ಕದಲಿತು. ಎರಡು ಬೆರಳಿನಷ್ಟು ಉರುಳಿ, ಹೊಡೆಯಲು ಇನ್ನೂ ಅನುಕೂಲವಾದ ಜಾಗದಲ್ಲಿ ನಿಂತಿತು.

ಹಾಗೆ ಕದಲಿದರೆ ಒಂದು ಹೊಡೆತ ದಂಡ. ಚೆಂಡನ್ನು ಮೊದಲಿದ್ದ ಜಾಗಕ್ಕೇ ಇಡಬೇಕು. ಇಡದೆ ಹಾಗೇ ಹೊಡೆದರೆ ದಂಡ ಎರಡು. ಇದು ಕೋಚ್ ಕಲಿಸಿದ ಮೊದಲ ನಿಯಮಗಳಲ್ಲಿ ಒಂದು. ಮಗಳು ತಲೆಯೆತ್ತಿದಳು. ನೋಡಿದ್ದು ನನ್ನ ಮುಖವನ್ನು. ನಾನು ನೋಡಿದ್ದೆ, ನಾನು ನೋಡಿದ್ದು ಅವಳಿಗೆ ಗೊತ್ತಾಯಿತು. ಆಗ ನಾನು ಕತ್ತು ತಿರುಗಿಸಿ, ಬೇಲಿಯಾಚೆ ನಿಂತಿದ್ದ ಯಾರದೋ ಪಿಕಪ್ ಗಾಡಿಯನ್ನು ನೋಡತೊಡಗಿದೆ. ಹೊಡೆತದ ಸದ್ದು ಕೇಳಿಸಿತು. ಒಳ್ಳೆಯ ಹೊಡೆತ. ನನ್ನ ಪಕ್ಕದಲ್ಲಿ ಕೋಚ್ ಕಣ್ಣು ಆ ಹುಲ್ಲಿನ ಮೇಲೇ ಇತ್ತು. ಹದಿನೆಂಟರವರೆಗೆ ಉಳಿದ ನಾಲ್ಕು ಗುಳಿಗಳೂ ಅವರು ನನಗಿಂತ ಮುಂದೆ ನಡೆದರು.

ಆಟ ಮುಗಿದು, ಕಾರ್ಡಿಗೆ ಸಹಿ ಹಾಕುವ ಟೆಂಟಿನ ಹೊರಗೆ ಅವರು ಮಗಳ ಎದುರು ನಿಂತರು. ನಮ್ಮ ತಂಡ ಒಂದೇ ಒಂದು ಹೊಡೆತದಿಂದ ಮುಂದಿದೆ ಎಂದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಎರಡು ಸೇರಿಸಿದರೆ ಒಂದರಿಂದ ಸೋಲು.

“ಮಗ, ಹದಿನಾಲ್ಕನೇದು ಇನ್ನೊಂದ್ಸಲ ನೆನೆಸ್ಕೊ. ಅವಸರ ಇಲ್ಲ.”

ಅವಳು ಕಾರ್ಡು ತೆರೆದು ಹದಿನಾಲ್ಕರ ಅಂಕಿ ನೋಡಿದಳು. ಅವಳು ಹೇಳುವವಳಿದ್ದಳು. ಇವತ್ತಿಗೂ ನನಗೆ ಅದರ ಬಗ್ಗೆ ಅನುಮಾನವಿಲ್ಲ. ಅವಳು ಮತ್ತೆ ನನ್ನ ಕಡೆ ತಿರುಗಿದಳು.

“ಸೈನ್ ಮಾಡು ಪುಟ್ಟಿ, ಎಲ್ಲರೂ ಕಾಯ್ತಿದ್ದಾರೆ,” ಎಂದೆ.

ಅವಳು ಸಹಿ ಹಾಕಿದಳು. ಕೋಚ್ ಸೀದಾ ರೆಫರಿಯ ಹತ್ತಿರ ಹೋದರು. ತಮ್ಮದೇ ತಂಡದ ಮೇಲೆ, ಗೆದ್ದ ತಂಡದ ಮೇಲೆ ದೂರು ಹೇಳಿದರು. ರೆಫರಿ ವಯಸ್ಸಾದವರು, ಮೆತ್ತಗಿನ ಮನುಷ್ಯ. ಮಗಳನ್ನು ಕೇಳಿದರು. ಅವಳು ಅಳುತ್ತ, ಕದಲಲಿಲ್ಲ ಎಂದಳು. ಅವರು ನನ್ನ ಕಡೆ ತಿರುಗಿ, ನೀವೂ ಅಲ್ಲೇ ಇದ್ದಿರಂತೆ, ಏನಾದರೂ ನೋಡಿದಿರಾ ಎಂದರು. ಹುಲ್ಲು ಎತ್ತರವಿತ್ತು, ನನಗೆ ಕಾಣಲಿಲ್ಲ ಎಂದೆ. ಕೋಚ್ ಅಲ್ಲದೆ ಇನ್ನೊಬ್ಬರು ನೋಡಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಆಟಗಾರ್ತಿಯ ಮಾತನ್ನು ನಂಬುತ್ತೇನೆ ಎಂದು ಅವರು ಕಾರ್ಡನ್ನು ಒಪ್ಪಿದರು. ಹುಡುಗಿಯರಿಗೆ ಗೆದ್ದ ಕಪ್ ಕೊಟ್ಟರು. ಫೋಟೋ ತೆಗೆದರು. ಫೋಟೋದಲ್ಲಿ ನಾನೂ ಇದ್ದೇನೆ.

ವಾಪಸ್ಸು ಬರುವಾಗ ಕೋಚ್ ಎಂದಿನಂತೆ ನನ್ನ ಪಕ್ಕದ ಸೀಟಿನಲ್ಲಿ ಕೂತರು. ಹಿಂದೆ ಇಬ್ಬರು ಹುಡುಗಿಯರು ಹಾಡುತ್ತಿದ್ದರು. ನನ್ನ ಮಗಳು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಪುಕೆಕೊಹೆಯ ತಿರುವು ಹತ್ತಿರವಾದಾಗ ಕೋಚ್ ಮೆಲ್ಲಗೆ ಹೇಳಿದರು:

“ನೀವು ನೋಡಿದ್ರಿ ಮೇಡಂ. ನಂಗೆ ಗೊತ್ತು, ಅದು ಬಿಡಿ. ಆ ಮಗೀಗೂ ಗೊತ್ತು. ಅದೇ ನಂಗೆ ಸಂಕಟ.”

ನಾನು ಇಂಡಿಕೇಟರ್ ಹಾಕಿ ಗಾಡಿ ತಿರುಗಿಸಿದೆ. ಅವರ ಮನೆಯ ಮುಂದೆ ಇಳಿಸಿದಾಗ ಹುಡುಗಿಯರಿಗೆ ಚೆನ್ನಾಗಿ ಆಡಿದಿರಿ ಎಂದು ಹೇಳಿ ಒಳಗೆ ಹೋದರು.

ಮುಂದಿನದು ಬಹಳ ಸಲೀಸಾಗಿ ನಡೆಯಿತು. ಆ ವರ್ಷ ಹೊಸದಾಗಿ ಬಂದಿದ್ದ ಪ್ರಿನ್ಸಿಪಾಲರಿಗೆ ಗಾಲ್ಫ್ ಅಕಾಡೆಮಿ ಕಟ್ಟುವ ಹುಮ್ಮಸ್ಸಿತ್ತು. ಸರ್ಟಿಫಿಕೇಟಿಲ್ಲದ, ಈರುಳ್ಳಿ ಶೆಡ್ಡಿನ ಕೋಚ್ ಅದಕ್ಕೆ ಹೊಂದುತ್ತಿರಲಿಲ್ಲ. ಕಾರಣವೊಂದು ಬೇಕಿತ್ತು, ನಾವು ಒದಗಿಸಿದೆವು. ಹದಿನಾರರ ಹುಡುಗಿಯ ಮೇಲೆ ಎಲ್ಲರೆದುರು ಸುಳ್ಳು ಆಪಾದನೆ ಮಾಡಿದರು ಎಂದು ಪೋಷಕರು ಪತ್ರ ಬರೆದರು. ಅದರಲ್ಲಿ ಮೊದಲ ಸಹಿ ನನ್ನ ಗಂಡನದು. ಅವರಿಗೆ ನಿಜ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಪ್ರಿನ್ಸಿಪಾಲರು ನನ್ನಿಂದಲೂ ಒಂದು ಹೇಳಿಕೆ ಬರೆಸಿಕೊಂಡರು. ಅಂದು ಬಾಯಲ್ಲಿ ಹೇಳಿದ್ದನ್ನೇ ಈಗ ಕಾಗದದ ಮೇಲೆ ಬರೆದೆ. ಎರಡನೆಯ ಸಲ ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು. ನಿಜವನ್ನು ಹೇಳಿದರೆ ಏನಾಗುತ್ತದೆ ಎಂಬ ಲೆಕ್ಕವೂ ಇತ್ತು. ಪಂದ್ಯದಲ್ಲಿ ಸುಳ್ಳು ಹೇಳಿದ ಟೀಚರ್. ಕೆಲಸ ಉಳಿಯುವುದಿಲ್ಲ ಅಂದುಕೊಂಡೆ.

ಅವರನ್ನು ಮುಂದಿನ ವರ್ಷಕ್ಕೆ ಕರೆಯುವುದಿಲ್ಲ ಎಂದು ಒಂದು ಇಮೇಲ್ ಹೋಯಿತು. ಬೀಳ್ಕೊಡುಗೆಯ ಮಾತೇ ಬರಲಿಲ್ಲ. ಆಟದ ಸಾಮಾನಿನ ಕೋಣೆಯ ಬೀಗದ ಕೈ ವಾಪಸ್ಸು ತೆಗೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಬೀಗದ ಕೈಯ ಜೊತೆಗೆ ನಾಲ್ಕು ಹಾಳೆ ಕೊಟ್ಟರು. ಒಬ್ಬೊಬ್ಬ ಹುಡುಗಿಯ ಬಗ್ಗೆ ಮುಂದೆ ಬರುವವರಿಗೆಂದು ಕನ್ನಡ ಬೆರೆತ ಇಂಗ್ಲಿಷಿನಲ್ಲಿ ಬರೆದಿದ್ದರು. ಈ ಹುಡುಗಿಗೆ ಎಡಗಾಲಿನ ಹಳೆಯ ನೋವು, ಚಳಿಗಾಲದಲ್ಲಿ ಹೆಚ್ಚು ಓಡಿಸಬೇಡಿ. ಇವಳನ್ನು ಎಲ್ಲರೆದುರು ಬೈಯಬೇಡಿ, ಒಬ್ಬಳೇ ಇದ್ದಾಗ ಹೇಳಿ. ನನ್ನ ಮಗಳ ಹೆಸರು ಅದರಲ್ಲಿರಲಿಲ್ಲ. ನಾನು ಕೇಳಲೂ ಇಲ್ಲ. ಹೊಸ ಕೋಚ್ ಬಂದಾಗ ಆ ಹಾಳೆಗಳನ್ನು ಕೊಟ್ಟೆ. ಅವನು ಎತ್ತರದ, ನಗುಮುಖದ ಗಂಡಸು. ಥ್ಯಾಂಕ್ಸ್ ಹೇಳಿ ಮಡಿಸಿ ಮೇಜಿನ ಮೇಲಿಟ್ಟ. ಮರುವಾರವೂ ಅವು ಅಲ್ಲೇ ಇದ್ದವು.

ರಾಷ್ಟ್ರ ಮಟ್ಟದಲ್ಲಿ ನಮ್ಮ ಹುಡುಗಿಯರು ಕೊನೆಯ ಸಾಲಿನಲ್ಲಿ ಮುಗಿಸಿದರು. ಅದಾಗಿ ಎರಡು ತಿಂಗಳಿಗೆ ಮಗಳು ಗಾಲ್ಫ್ ಬಿಟ್ಟಳು. ಕಾರಣ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮನೆಯಲ್ಲಿ ಅವಳು ಮೊದಲಿಂದಲೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದಳು. ಆ ವರ್ಷದಿಂದ ಉತ್ತರಗಳೂ ಚಿಕ್ಕವಾದವು. ಓದು ಮುಗಿಸಿ ಫಿಸಿಯೋಥೆರಪಿಯ ಕೆಲಸ ಹಿಡಿದು, ಹೆಂಡರ್ಸನ್ನಿನಲ್ಲಿ ಇಬ್ಬರು ಫ್ಲಾಟ್‌ಮೇಟುಗಳ ಜೊತೆ ಮನೆ ಮಾಡಿದಳು.

ಕನ್ನಡದವರ ರಾಜ್ಯೋತ್ಸವದ ಊಟದಲ್ಲಿ ಒಮ್ಮೆ ಕೋಚ್ ಮಾತು ಬಂತು. ನಮ್ಮೋರೇ ನಮ್ಮ ಮಗು ಮೇಲೆ ಹಾಗೆ ಹೇಳೋದಾ, ಹೊಟ್ಟೆಕಿಚ್ಚು, ಇನ್ನೇನು ಎಂದರು ಒಬ್ಬರು. ಅಂಥವರಿಗೆ ಅಷ್ಟು ಸದರ ಕೊಡಬಾರದಿತ್ತು ಎಂದರು ಇನ್ನೊಬ್ಬರು. ‘ಅಂಥವರು’ ಅಂದರೆ ಏನೆಂದು ಪಂಕ್ತಿಯಲ್ಲಿ ಯಾರೂ ಕೇಳಲಿಲ್ಲ. ನಾನು ಬಿಸಿಬೇಳೆ ಬಾತಿಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡೆ.

ಆಮೇಲೆ ನಾನು ಅವರನ್ನು ಕಂಡದ್ದು ಒಂದೇ ಸಲ, ಪಾಪಕುರಾ ರೈಲು ನಿಲ್ದಾಣದಲ್ಲಿ. ಬಹಳ ಇಳಿದುಹೋಗಿದ್ದರು. ಆಸ್ಪತ್ರೆಗೆ ಹೋಗಿ ಬರುತ್ತಿದ್ದೇನೆ ಎಂದರು, ಯಾವುದಕ್ಕೆ ಎಂದು ಹೇಳಲಿಲ್ಲ. ಮಗು ಚೆನ್ನಾಗಿದ್ದಾಳಾ ಎಂದು ಕೇಳಿದರು. ಚೆನ್ನಾಗಿದ್ದಾಳೆ, ಆಟ ಬಿಟ್ಟಳು ಎಂದೆ. ಅವರು ಏನೋ ಹೇಳಲು ಹೊರಟು, ಬೆಂಚಿನಲ್ಲಿ ಸರಿದು ನನಗೆ ಜಾಗ ಮಾಡಿಕೊಟ್ಟರು. ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ರೈಲು ಬಂತು. ನನ್ನ ರೈಲಲ್ಲ, ಆದರೂ ಹತ್ತಿದೆ.

ಅವರು ಹೋದ ಸುದ್ದಿ ತಿಳಿದದ್ದು ಪುಕೆಕೊಹೆಯ ಇಂಡಿಯನ್ ಅಂಗಡಿಯವರಿಂದ. ಅಂತ್ಯಕ್ರಿಯೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಪ್ರಾರ್ಥನೆ ಮುಗಿದು ಶವಪೆಟ್ಟಿಗೆ ಎತ್ತುವಾಗ ಆರು ಹೆಂಗಸರು ಮುಂದೆ ಬಂದರು. ಹೊರುವವರು ಹೆಣ್ಣುಮಕ್ಕಳೇ ಆಗಬೇಕೆಂದು ಕೋಚ್ ಹೇಳಿದ್ದರಂತೆ. ಮೊದಲನೆಯವಳು ಆ ಟೊಂಗಾದ ಹುಡುಗಿ, ಅಮೆರಿಕದಿಂದ ಬಂದಿದ್ದಳು. ಎಡಗಡೆಯ ಸಾಲಿನಲ್ಲಿ ಎರಡನೆಯವಳು ನನ್ನ ಮಗಳು.

ಅವಳು ಬರುವುದೇ ನನಗೆ ಗೊತ್ತಿರಲಿಲ್ಲ. ಅವಳು ನನ್ನ ಬೆಂಚಿನ ಪಕ್ಕದಲ್ಲೇ ಹಾದುಹೋದಳು. ಕಣ್ಣು ಮುಂದಕ್ಕೇ ಇತ್ತು.

ಮಣ್ಣು ಕೊಟ್ಟ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಟೀ ಇಟ್ಟಿದ್ದರು. ಕೋಚ್‌ರ ಗಂಡ ನನ್ನನ್ನು ಗುರುತು ಹಿಡಿದು, ತಾವೇ ಒಂದು ಕಪ್ಪು ತಂದು ಕೊಟ್ಟರು. ನಿಮ್ಮ ಮಗಳಿದ್ದದ್ದು ನಮಗೆ ದೊಡ್ಡ ಆಸರೆ ಆಯಿತಮ್ಮಾ, ಈ ಮೂರು ವರ್ಷ ಒಂದು ಭಾನುವಾರ ತಪ್ಪಿಸಲಿಲ್ಲ, ಕೊನೆಗೆ ಕೈಕಾಲು ಆಡದಾಗ ಅವಳೇ ವ್ಯಾಯಾಮ ಮಾಡಿಸುತ್ತಿದ್ದಳು ಎಂದರು. ನನಗೆ ಇದೆಲ್ಲ ಗೊತ್ತಿದೆ ಎಂದೇ ಅವರು ತಿಳಿದಿದ್ದರು. ನಾನು ತಲೆಯಾಡಿಸಿದೆ.

ಮಗಳು ಹೊರಗೆ ಕಾರಿಗೆ ಒರಗಿ ನಿಂತಿದ್ದಳು. ಹತ್ತಿರ ಹೋದೆ. ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ಯು ನೆವರ್ ಆಸ್ಕ್ಡ್, ಅಮ್ಮ,” ಎಂದಳು.

ಆಮೇಲೆ, ನಾನು ಕೇಳದೆಯೇ, ಉಳಿದದ್ದನ್ನು ಹೇಳಿದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ದಿನ ಅವಳು ಕೋಚ್ ಮನೆಯ ಬಾಗಿಲು ತಟ್ಟಿದ್ದಳು. ಚೆಂಡು ಕದಲಿತ್ತು, ನಾನು ಸುಳ್ಳು ಹೇಳಿದೆ ಎಂದಿದ್ದಳು. ಕೋಚ್ ಅವಳನ್ನು ಕೂರಿಸಿ, ಊಟ ಹಾಕಿ, ಎರಡು ಹೊಡೆತದ ಮಾತು ಮಗ, ಅಷ್ಟಕ್ಕೆ ಮೂರು ವರ್ಷ ಹೊತ್ತು ತಿರುಗಿದೆಯಾ ಎಂದು ತಲೆ ಸವರಿದ್ದರು. ಕಾಲೇಜಿಗೆ ಹೋಗಿ ನಿಜ ಹೇಳಿಬಿಡುತ್ತೇನೆ, ನಿಮ್ಮ ಹೆಸರು ಸರಿಮಾಡಿಸುತ್ತೇನೆ ಎಂದು ಇವಳು ಹಟ ಹಿಡಿದಳು. ಕೋಚ್ ಬಿಡಲಿಲ್ಲ.

“ಯಾಕೆ?” ಎಂದೆ.

ಮಗಳು ಮೊದಲ ಸಲ ನನ್ನ ಕಡೆ ನೇರವಾಗಿ ನೋಡಿದಳು. “ಬಿಕಾಸ್ ಆಫ್ ಯು. ‘ನಿಮ್ಮಮ್ಮನ ಕೆಲ್ಸ ಹೋಗ್ತೈತೆ ಮಗ, ಬ್ಯಾಡ’ ಅಂದ್ರು. ಎವ್ರಿ ಟೈಮ್.”

ಅಷ್ಟು ಹೇಳಿ ಕಾರು ಹತ್ತಿ ಹೋದಳು.

ಆ ವಾರವೇ ನಾನು ಕಾಲೇಜಿಗೆ ಪತ್ರ ಬರೆದೆ. ಮೊದಲು ಗಂಡನಿಗೆ ಹೇಳಿದೆ. ಅವರು, ಅವತ್ತಿನ ದೂರಿನ ಪತ್ರಕ್ಕೆ ನನ್ನ ಕೈಯಲ್ಲಿ ಸಹಿ ಹಾಕಿಸಿದೆಯಲ್ಲ ಎಂದು ಮಾತ್ರ ಅಂದರು. ನಾನು ಎರಡು ಪುಟ ಬರೆದೆ. ಚೆಂಡು ಕದಲಿದ್ದನ್ನು ನಾನು ನೋಡಿದೆ, ರೆಫರಿಗೆ ಸುಳ್ಳು ಹೇಳಿದೆ, ಮಗಳಿಗೆ ಸಹಿ ಹಾಕೆಂದವಳು ನಾನು, ಆಮೇಲೆ ಅದೇ ಸುಳ್ಳನ್ನು ಬರೆದುಕೊಟ್ಟೆ, ಅದರಿಂದ ಒಬ್ಬರ ಹತ್ತು ವರ್ಷದ ಕೆಲಸ ಹೋಯಿತು. ರಾಜೀನಾಮೆ ಕೇಳಿದರೆ ಕೊಡಲು ಸಿದ್ಧಳಾಗಿ ಕಾದೆ.

ಈಗಿನ ಪ್ರಿನ್ಸಿಪಾಲರು ಬೇರೆಯವರು. ನನ್ನನ್ನು ಕರೆಸಿ, ಕೂರಿಸಿ, ಮಾತಿನಲ್ಲಿ ತುಂಬ ಕರುಣೆ ತೋರಿದರು. ಆಗಿನ ಪ್ರಿನ್ಸಿಪಾಲರು ಕಾಲೇಜು ಬಿಟ್ಟುಹೋಗಿದ್ದಾರೆ, ಆ ಕೋಚ್ ತೀರಿಕೊಂಡಿದ್ದಾರೆ, ಮಕ್ಕಳ ಒಂದು ಪಂದ್ಯ, ಅದನ್ನು ಈಗ ಕೆದಕಿ ಯಾರಿಗೂ ಉಪಯೋಗವಿಲ್ಲ ಎಂದರು. ಪತ್ರವನ್ನು ಫೈಲಿಗೆ ಸೇರಿಸುತ್ತೇವೆ, ಮನಸ್ಸಿಗೆ ಭಾರವಾಗಿದ್ದರೆ ಎರಡು ದಿನ ರಜೆ ತೆಗೆದುಕೊಳ್ಳಿ ಎಂದರು. ವೆಬ್‌ಸೈಟಿನಲ್ಲಿ ಅವರ ಹೆಸರನ್ನಾದರೂ ಸರಿಮಾಡಿಸಿ ಎಂದೆ. ಬರೆದುಕೊಂಡರು.

ಮಗಳಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

“ಸೋ ನಿಂಗೇನೂ ಆಗಲಿಲ್ಲ,” ಎಂದಳು.

ಇಲ್ಲ ಎಂದೆ. ಅವಳು ಫೋನಿಟ್ಟಳು.